ಆಷಾಢದಲ್ಲಿ ಆರಿಸಿದ ಪಿಂಚಣಿ

ಆಷಾಢ ಬಂತೆಂದರೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಕೊಪ್ಪರಿಗೆಗಳು ಬೋರಲು ಬೀಳುತ್ತವೆ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಮದುವೆ ಅಡುಗೆಯನ್ನೇ ನಂಬಿ ಮೂವತ್ತನಾಲ್ಕು ವರ್ಷ ಕಳೆದ ನನ್ನಂಥವನಿಗೆ ಆ ತಿಂಗಳಲ್ಲಿ ಚಾಮರಾಜಪೇಟೆಯ ಈ ಬಾಡಿಗೆ ಮನೆಯಲ್ಲಿ ಕೂತು ಪೇಪರ್ ಓದುವುದು, ಟಿವಿ ನೋಡುವುದು, ಹೆಂಡತಿ ಮಾಡುವ ಕೆಲಸದಲ್ಲಿ ತಪ್ಪು ಹುಡುಕುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಮಾತ್ರ ಇನ್ನೊಂದು ಉದ್ಯೋಗ ಸೇರಿಕೊಂಡಿತ್ತು. ಷೇರುಪೇಟೆ ಬೀಳುವುದನ್ನು ನೋಡುತ್ತಾ ಕೂರುವುದು.

ಆಗ ನನಗೆ ಐವತ್ತೆಂಟು. ಒಂದು ಬುಧವಾರ ಬೆಳಿಗ್ಗೆ ನಡುಮನೆಯ ಕಿಟಕಿಯ ಪಕ್ಕ ಫೋನ್ ಹಿಡಿದು ಕೂತಿದ್ದೆ. ನನ್ನ ಪಿಂಚಣಿ ಖಾತೆ ತೆರೆದಿತ್ತು. ಪಿಂಚಣಿ ಎಂದರೆ ಸರ್ಕಾರಿ ನೌಕರರಿಗೆ ಸಿಗುವಂಥದ್ದಲ್ಲ. ಅಡುಗೆಯವನಿಗೆ ಅದನ್ನು ಯಾರು ಕೊಡುತ್ತಾರೆ? ನಾನೇ ಕೈಯಾರೆ ದುಡ್ಡು ತುಂಬಿ, ಅದನ್ನು ಎಲ್ಲೆಲ್ಲಿ ಹೂಡಬೇಕೆಂದು ನಾನೇ ಆರಿಸಿ, ಅರವತ್ತಾದ ಮೇಲೆ ಒಂದು ಭಾಗವನ್ನು ಕೈಗೆ ತೆಗೆದುಕೊಂಡು ಉಳಿದದ್ದನ್ನು ಅಲ್ಲೇ ಹೂಡಿಟ್ಟು, ಮುಗಿಯುವವರೆಗೆ ತಿಂಗಳು ತಿಂಗಳು ಪಡೆಯುವ ಖಾತೆ ಅದು. ಪರದೆಯ ಮೇಲೆ ಮೂರು ಸಾಲುಗಳಿದ್ದವು. ಷೇರು, ಕಂಪನಿಗಳ ಬಾಂಡು, ಸರ್ಕಾರಿ ಬಾಂಡು. ಪ್ರತಿಯೊಂದರ ಮುಂದೆ ಶೇಕಡಾ ಎಷ್ಟು ಎಂದು ತುಂಬುವ ಖಾಲಿ ಜಾಗ.

ನನ್ನ ದುಡ್ಡಿನ ಮುಕ್ಕಾಲು ಭಾಗ ಷೇರಿನಲ್ಲಿತ್ತು. ಹತ್ತು ದಿನದಿಂದ ಪೇಟೆ ಒಂದೇ ಸಮನೆ ಇಳಿಯುತ್ತಿತ್ತು. ಟಿವಿಯಲ್ಲಿ ಕೋಟು ಹಾಕಿಕೊಂಡವರೆಲ್ಲ ಸೂತಕದ ಮನೆಯವರ ಹಾಗೆ ಮಾತಾಡುತ್ತಿದ್ದರು. ಸಾಲದ್ದಕ್ಕೆ, ಶ್ರಾವಣಕ್ಕೆ ಗೊತ್ತಾಗಿದ್ದ ಮಲ್ಲೇಶ್ವರದ ಒಂದು ದೊಡ್ಡ ಮದುವೆಯವರು ಹಿಂದಿನ ದಿನ ತಾನೇ ಫೋನ್ ಮಾಡಿ, ಹುಡುಗನ ಕಡೆಯವರು ದೊಡ್ಡ ಕೇಟರಿಂಗ್ ಕಂಪನಿಯವರನ್ನು ಗೊತ್ತು ಮಾಡಿದ್ದಾರೆಂದು ಹೇಳಿ ಅಡ್ವಾನ್ಸ್ ವಾಪಸ್ಸು ಕೇಳಿದ್ದರು. ನಾನು ಷೇರಿನ ಮುಂದೆ ಸೊನ್ನೆ ಹಾಕಿದೆ. ಸರ್ಕಾರಿ ಬಾಂಡಿನ ಮುಂದೆ ನೂರು ಹಾಕಿದೆ. ಒಟಿಪಿ ಬಂತು. ಅದನ್ನು ತುಂಬಿ ಒತ್ತಿದರೆ ಮುಗಿಯಿತು.

ಒತ್ತುವ ಮೊದಲು ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಕಂಡಿತು. ಈ ಹಣಕಾಸು ವರ್ಷದಲ್ಲಿ ನಿಮಗೆ ಉಳಿದಿರುವ ಬದಲಾವಣೆ ಒಂದೇ ಒಂದು. ವರ್ಷಕ್ಕೆ ನಾಲ್ಕೇ ಸಲ ಬದಲಾಯಿಸಲು ಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಏಪ್ರಿಲ್‌ನಿಂದೀಚೆಗೆ ನಾನು ಮೂರನ್ನು ತಿಂದು ಮುಗಿಸಿದ್ದೇನೆಂಬುದು ಮರೆತುಹೋಗಿತ್ತು. ಈಗ ಒತ್ತಿದರೆ ಮುಂದಿನ ಏಪ್ರಿಲ್‌ವರೆಗೆ ಅಲ್ಲಾಡುವ ಹಾಗಿಲ್ಲ. ಒತ್ತದಿದ್ದರೆ ಪೇಟೆ ಇನ್ನೂ ಬಿದ್ದು, ಇರುವುದೂ ಹೋಗಬಹುದು. ಬೆರಳು ಹಾಗೇ ನಿಂತಿತು. ನೋಡುತ್ತಿದ್ದಂತೆ ಒಟಿಪಿಯ ಸಮಯ ಮುಗಿಯಿತು.

ನನ್ನ ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ನನಗೆ ಕೆಲಸ ಕಲಿಸಿದ ಹಿರಿಯ ಅಡುಗೆಯವರೊಬ್ಬರಿದ್ದರು. ಅವರ ಕೈಯ ಹುಳಿ ತಿನ್ನಲೆಂದೇ ಜನ ಕರೆಯದ ಮದುವೆಗೂ ಬರುತ್ತಿದ್ದರು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರು ನನ್ನ ಕೈಕೆಳಗೇ ಬಂದು, ಬಸವನಗುಡಿಯ ಒಂದು ಛತ್ರದ ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಕೈ ನಡುಗುತ್ತಿತ್ತು, ಹೋಳು ಒಂದೊಂದೂ ಒಂದೊಂದು ಅಳತೆ. ನಾನು ಬಯ್ಯಲಾರದೆ ಅದನ್ನೆಲ್ಲ ಪಲ್ಯದ ಬದಲು ಸಾಗುವಿಗೆ ಹಾಕಿಸುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ದಿನದ ಕೊನೆಗೆ ಕೂಲಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಆ ಮೂಲೆ ನನಗೆ ಬೇಡ. ನನ್ನ ಬಲಭುಜ ಆಗಲೇ ಕೈಕೊಟ್ಟಿತ್ತು. ಕೊಪ್ಪರಿಗೆಯಲ್ಲಿ ಅನ್ನ ಕಲಸುವುದು ಸಾಕು ಎಂದು ಮೂಳೆ ಡಾಕ್ಟರು ಎರಡು ಸಲ ಹೇಳಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಅವಳ ಸಂಸಾರ ಅವಳಿಗಿದೆ. ಅಲ್ಲಿ ಹೋಗಿ ಕೂರುವುದು ನನಗೂ ಬೇಡ, ನನ್ನ ಹೆಂಡತಿಗೂ ಬೇಡ. ಅರವತ್ತಕ್ಕೆ ಸೌಟು ಕೆಳಗಿಡಬೇಕು, ಇದೇ ಮನೆಯಲ್ಲಿ ಬಾಡಿಗೆ ಕಟ್ಟಿಕೊಂಡು ಮರ್ಯಾದೆಯಾಗಿ ಇರಬೇಕು. ಅದಕ್ಕೆ ಈ ಖಾತೆಯಲ್ಲದೆ ಬೇರೆ ಏನೂ ಇರಲಿಲ್ಲ.

ಖಾತೆ ಮಾಡಿಸಿಕೊಟ್ಟವರು ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು. ಅವರ ಮಗಳ ಮದುವೆಯ ಅಡುಗೆ ನನ್ನದೇ. ಬೀಗರ ಔತಣ ಮುಗಿದು ಲೆಕ್ಕ ತೀರಿಸುವಾಗ, ವಯಸ್ಸಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ದೇವರಿದ್ದಾನೆ ಎಂದೆ. ಅವರು ನಗಲಿಲ್ಲ. ಮರುವಾರವೇ ಗಾಂಧಿಬಜಾರಿನ ಹತ್ತಿರದ ತಮ್ಮ ಮನೆಗೆ ಕರೆಸಿ ಅರ್ಜಿ ತುಂಬಿಸಿದರು.

"ಎರಡು ದಾರಿ ಇದೆ ಭಟ್ರೇ," ಎಂದಿದ್ದರು. "ಒಂದು, ನಿಮ್ಮ ವಯಸ್ಸು ನೋಡ್ಕೊಂಡು ಖಾತೆಯವರೇ ಷೇರು ಕಮ್ಮಿ ಮಾಡ್ತಾ ಹೋಗ್ತಾರೆ. ನೀವು ಏನೂ ಮಾಡೋ ಹಾಗಿಲ್ಲ. ಇನ್ನೊಂದು, ಎಲ್ಲಾ ನೀವೇ ಆರಿಸ್ಬೇಕು."

"ನನ್ನ ಅಡುಗೆಗೆ ಬೇರೆಯವರು ಉಪ್ಪು ಹಾಕೋದಾ ಸಾರ್? ನಾನೇ ಆರಿಸ್ತೀನಿ," ಎಂದೆ.

ಈ ಮಾತು ನನಗೆ ಬಹಳ ಹಿಡಿಸಿತ್ತು. ಎಷ್ಟೋ ವರ್ಷ ಅದನ್ನು ಹತ್ತಾರು ಜನರ ಮುಂದೆ ಹೇಳಿ ನಗಿಸಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಷೇರಿನ ಗಂಧಗಾಳಿ ಇರಲಿಲ್ಲ. ಆದರೆ ಛತ್ರದ ಅಡುಗೆಮನೆಯಲ್ಲಿ ಇರುವವನ ಕಿವಿಗೆ ಬೀಳದ ವಿಷಯವಿಲ್ಲ. ಕಾಫಿಯ ಹಂಡೆಯ ಹತ್ತಿರ ಎರಡನೆಯ ಲೋಟಕ್ಕೆ ಕಾಯುವ ಗಂಡಸರೆಲ್ಲ ದುಡ್ಡಿನ ಮಾತನ್ನೇ ಆಡುತ್ತಾರೆ. ಯಾರದೋ ಸೋದರಮಾವ ಷೇರಿನಲ್ಲಿ ಸೈಟು ಕೊಳ್ಳುವಷ್ಟು ಮಾಡಿದ, ಯಾರದೋ ಭಾವ ಎಲ್ಲ ಕಳೆದುಕೊಂಡ. ಕೇಳುತ್ತಾ ಕೇಳುತ್ತಾ ನಾನೂ ಪಂಡಿತನಾದೆ. ಒಮ್ಮೆ ಷೇರು ಏರಿಸುತ್ತಿದ್ದೆ, ಒಮ್ಮೆ ಇಳಿಸುತ್ತಿದ್ದೆ. ಏರಿಸಿದಾಗಲೂ ಜಾಣ, ಇಳಿಸಿದಾಗಲೂ ಜಾಣ ಎಂದುಕೊಳ್ಳುತ್ತಿದ್ದೆ.

ಆ ಬುಧವಾರ ಒಟಿಪಿ ಕೈತಪ್ಪಿದ ಮೇಲೆ ಕೂರಲಾಗಲಿಲ್ಲ. ಶರ್ಟು ಹಾಕಿಕೊಂಡು ಹೊರಟೆ. ಹೆಂಡತಿ ಎಲ್ಲಿಗೆ ಎಂದು ಕೇಳಿದಳು. "ಬಂದ್ ಹೇಳ್ತೀನಿ ಬಿಡು," ಎಂದು ರೇಗಿದೆ. ನಡೆದೇ ಹೋದೆ. ದಾರಿಯುದ್ದಕ್ಕೂ ಫೋನ್ ತೆಗೆದು ಪೇಟೆ ಎಷ್ಟಕ್ಕಿಳಿಯಿತೆಂದು ನೋಡುವುದು, ಜೇಬಿಗೆ ಹಾಕುವುದು, ಮತ್ತೆ ತೆಗೆಯುವುದು. ರಸ್ತೆ ದಾಟುವಾಗ ಆಟೋದವನೊಬ್ಬ ಬ್ರೇಕ್ ಹಾಕಿ, "ಏನ್ ಯಜಮಾನ್ರೇ, ಮನೇಲಿ ಹೇಳಿ ಬಂದಿದೀರಾ?" ಎಂದ. ಅವನಿಗೂ ಒಂದಿಷ್ಟು ಬಯ್ದೆ.

ಗುಮಾಸ್ತರು ಜಗುಲಿಯಲ್ಲಿ ಕೂತು ಹೂ ಬಿಡಿಸುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಈಗಿಂದೀಗಲೇ ಒತ್ತಲೋ ಬೇಡವೋ ಎಂದು ಕೇಳಿದೆ. ಅವರು ಹೂ ಬಿಡಿಸುವುದನ್ನು ನಿಲ್ಲಿಸದೆಯೇ ಕೇಳಿದರು.

"ಇದುವರೆಗೂ ಎಷ್ಟು ಸಲ ಬದಲಾಯ್ಸಿದೀರಿ?"

"ಲೆಕ್ಕ ಇಟ್ಟಿಲ್ಲ ಸಾರ್."

"ಅವರು ಇಟ್ಟಿರ್ತಾರೆ. ಶುರುವಿಂದ ಸ್ಟೇಟ್‌ಮೆಂಟ್ ತೆಗೆಸ್ಕೊಂಡು ಬನ್ನಿ."

"ಸಾರ್, ಪೇಟೆ ಮೂರೂವರೆಗೆ ಮುಚ್ಚುತ್ತೆ."

"ನಾಳೆ ಮತ್ತೆ ತೆಗೀತಾರಲ್ಲ ಭಟ್ರೇ. ಹೋಗ್ಬನ್ನಿ."

ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಹೋಗಿತ್ತು. ಮುಕ್ಕಾಲು ಗಂಟೆ ಕಾದೆ. ಅಷ್ಟರಲ್ಲಿ ಪೇಟೆ ಇನ್ನೂ ಇಳಿದಿತ್ತು. ನನ್ನ ಎರಡು ವರ್ಷದ ಬೆವರು ಆ ಮುಕ್ಕಾಲು ಗಂಟೆಯಲ್ಲಿ ಕರಗಿಹೋಯಿತೆಂದು ಅನ್ನಿಸಿತು. ಗುಮಾಸ್ತರ ಮೇಲೆ ಸಿಟ್ಟು ಬಂತು. ಅವರಿಗೇನು, ತಿಂಗಳ ಒಂದನೇ ತಾರೀಖು ಬ್ಯಾಂಕಿನ ಪಿಂಚಣಿ ಬಂದು ಬೀಳುತ್ತದೆ ಎಂದು ಮನಸ್ಸಿನಲ್ಲೇ ಶಪಿಸಿದೆ. ಕೊನೆಗೂ ಕಾಗದಗಳು ಕೈಗೆ ಬಂದವು.

ಹನ್ನೊಂದು ವರ್ಷದಲ್ಲಿ ಇಪ್ಪತ್ತಾರು ಸಲ ಬದಲಾಯಿಸಿದ್ದೆ. ಗುಮಾಸ್ತರು ಕನ್ನಡಕ ಏರಿಸಿಕೊಂಡು ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟು, ಈ ದಿನ ಯಾಕೆ ಷೇರು ತೆಗೆದಿರಿ, ಈ ದಿನ ಯಾಕೆ ಹಾಕಿದಿರಿ ಎಂದು ಕೇಳುತ್ತಾ ಹೋದರು. ನನಗೆ ಒಂದೂ ನೆನಪಾಗಲಿಲ್ಲ.

"ನಿಮ್ಮ ಕಾಂಟ್ರಾಕ್ಟ್ ಡೈರಿ ಇರುತ್ತಲ್ಲ, ಅದನ್ನ ಇಟ್ಕೊಂಡು ಮನೇಲಿ ನೋಡಿ," ಎಂದರು. "ಆ ದಿನ ಎಲ್ಲಿದ್ರಿ, ಏನ್ ಮಾಡ್ತಿದ್ರಿ ಅಂತ ನೆನಪಾಗುತ್ತೆ. ಅಲ್ಲೀವರೆಗೂ ಬಟನ್ ಒತ್ಬೇಡಿ."

ಮದುವೆ ಅಡುಗೆಯವರಿಗೆ ಡೈರಿಯೇ ಜಾತಕ. ಯಾವ ಛತ್ರ, ಯಾವ ಮುಹೂರ್ತ, ಎಷ್ಟು ಎಲೆ, ಎಷ್ಟು ಅಡ್ವಾನ್ಸ್, ಎಲ್ಲವೂ ಅದರಲ್ಲಿ. ಹಳೆಯ ಡೈರಿಗಳನ್ನು ನಾನು ಎಸೆಯುವುದಿಲ್ಲ. ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಕೊಪ್ಪರಿಗೆಗಳ ನಡುವೆ ಕೂತೆ. ಒಂದು ತೊಡೆಯ ಮೇಲೆ ಸ್ಟೇಟ್‌ಮೆಂಟು, ಇನ್ನೊಂದರ ಮೇಲೆ ಡೈರಿ.

ಮೊದಲನೆಯ ತಾರೀಖಿಗೆ ಷೇರು ಪೂರ್ತಿ ತೆಗೆದಿದ್ದೆ. ಡೈರಿಯ ಆ ಪುಟ ಖಾಲಿ. ಹಿಂದಿನ ಪುಟ ಖಾಲಿ, ಮುಂದಿನ ಪುಟವೂ ಖಾಲಿ. ಆಷಾಢ. ಎರಡನೆಯದಕ್ಕೆ ಷೇರು ಮುಕ್ಕಾಲು ಭಾಗಕ್ಕೆ ಏರಿಸಿದ್ದೆ. ಆ ವಾರ ಐದು ಮದುವೆ, ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದೆ. ಮೂರನೆಯದು ಇಳಿಕೆ, ಪಿತೃಪಕ್ಷ. ನಾಲ್ಕನೆಯದು ಏರಿಕೆ, ಮಾಘದ ಮುಹೂರ್ತಗಳು. ಐದನೆಯದು ಇಳಿಕೆ, ಧನುರ್ಮಾಸ. ಬೇಗ ಬೇಗ ಪುಟ ತಿರುವಿದೆ, ಎಲ್ಲಾದರೂ ತಪ್ಪಲಿ ಎಂದು ಹಾರೈಸುತ್ತಲೇ ತಿರುವಿದೆ. ಲಾಕ್‌ಡೌನಿನ ವರ್ಷ ಛತ್ರಗಳಿಗೆ ಬೀಗ ಬಿದ್ದ ವಾರವೇ ಎಲ್ಲವನ್ನೂ ಸರ್ಕಾರಿ ಬಾಂಡಿಗೆ ಹಾಕಿದ್ದೆ. ಪೇಟೆ ನೆಲಕಚ್ಚಿದ್ದ ವಾರ ಅದು. ಮದುವೆಗಳು ಮತ್ತೆ ಶುರುವಾಗಿ ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಷೇರಿಗೆ ವಾಪಸ್ಸು ಬಂದಿದ್ದೆ. ಅಷ್ಟರಲ್ಲಿ ಪೇಟೆ ಏರಿ ಕೂತಿತ್ತು.

ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಹೀಗೆಯೇ. ಹನ್ನೊಂದು ವರ್ಷ ನಾನು ಪೇಟೆಯನ್ನು ನೋಡಿಯೇ ಇರಲಿಲ್ಲ. ನೋಡಿದ್ದು ನನ್ನ ಡೈರಿಯನ್ನು. ಒಲೆ ಉರಿಯುವಾಗ ಜಗತ್ತೆಲ್ಲ ಏರುತ್ತದೆ ಎನ್ನಿಸಿದೆ, ಒಲೆ ಆರಿದಾಗ ಜಗತ್ತೆಲ್ಲ ಮುಳುಗುತ್ತದೆ ಎನ್ನಿಸಿದೆ. ಪಂಚಾಂಗದಲ್ಲಿ ಶೂನ್ಯಮಾಸ ಬಂದರೆ ದೇಶದ ಕಾರ್ಖಾನೆಗಳೇನು ಮುಚ್ಚುತ್ತವೆಯೇ? ಅದನ್ನು ಕೇಳಿಕೊಳ್ಳುವ ಬುದ್ಧಿ ನನಗಿರಲಿಲ್ಲ. ಆ ವರ್ಷದ ಮೂರು ಬದಲಾವಣೆಗಳೂ ವೈಶಾಖ ಜ್ಯೇಷ್ಠದ ಮದುವೆಗಳ ಭರಾಟೆಯಲ್ಲಿ ಮಾಡಿದವು. ಅವಮಾನವಾಯಿತು. ನಾನು ಮೂರ್ಖ ಎಂದು ಯಾರಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರನೆಯ ದಿನ ಬೆಳಿಗ್ಗೆ ಗುಮಾಸ್ತರು ನನ್ನ ಎದುರಿಗೇ ಲೆಕ್ಕ ಹಾಕಿದರು. ಮೊದಲ ದಿನವೇ ಖಾತೆಯವರಿಗೇ ವಹಿಸುವ ದಾರಿ ಹಿಡಿದು ಸುಮ್ಮನಿದ್ದಿದ್ದರೆ ಎಷ್ಟಾಗುತ್ತಿತ್ತು, ಈಗ ಎಷ್ಟಿದೆ ಎಂದು ಎರಡು ಸಾಲು ಬರೆದು ನನ್ನ ಕಡೆ ತಿರುಗಿಸಿದರು. ನಾನು ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಬಾಯಿಬಿಟ್ಟು ಓದಲಿಲ್ಲ.

"ಅಂದ್ರೆ ಸಾರ್, ಅರವತ್ತಕ್ಕೆ ಕೆಲಸ ಬಿಡೋಕಾಗಲ್ಲ."

"ಇನ್ನೊಂದು ನಾಲ್ಕೈದು ವರ್ಷ ದುಡೀಬೇಕಾಗುತ್ತೆ," ಎಂದರು. ಹಾಳೆ ಮಡಿಸುತ್ತಾ, "ನಿಮ್ಮ ಭುಜ ಹೇಗಿದೆ ಈಗ?" ಎಂದು ಕೇಳಿದರು.

ಈಗಲಾದರೂ ಬಟನ್ ಒತ್ತಿ ಇರುವುದನ್ನು ಉಳಿಸಿಕೊಳ್ಳಲೇ ಎಂದು ಕೇಳಿದೆ. ಅದು ನಿಮಗೆ ದುಡ್ಡು ಎಷ್ಟು ವರ್ಷಕ್ಕೆ ಬೇಕು ಎಂಬುದರ ಮೇಲೆ ಹೋಗುತ್ತದೆ ಎಂದರು. ಸ್ವಲ್ಪ ವರ್ಷಕ್ಕೆ ಸಾಕಾದರೆ ಬಾಂಡು ಸರಿ. ಬಹಳ ವರ್ಷ ಎಳೆಯಬೇಕಾದರೆ ಬಾಂಡೊಂದನ್ನೇ ನಂಬಿದರೆ ದುಡ್ಡು ಬೆಲೆಯೇರಿಕೆಯ ಹಿಂದೆ ಬಿದ್ದು ಸವೆದುಹೋಗುತ್ತದೆ, ಷೇರು ಒಂದಿಷ್ಟು ಇರಲೇಬೇಕು. ಈ ವರ್ಷಕ್ಕೆ ಉಳಿದಿರುವುದು ಒಂದೇ ಸಲ, ಮನೆಗೆ ಹೋಗಿ ಯೋಚಿಸಿ ಎಂದರು.

ಎಷ್ಟು ವರ್ಷಕ್ಕೆ ಎಷ್ಟು ಬೇಕೆಂದು ಬರೆದಿಟ್ಟ ಲೆಕ್ಕದ ಹಾಳೆ ಮನೆಯಲ್ಲಿ ಸಿದ್ಧವೇ ಇತ್ತು. ನನ್ನ ಆಯಸ್ಸು ಎಂಬತ್ತು ಎಂದು ಹಿಡಿದಿದ್ದೆ. ನಮ್ಮ ಮನೆತನದ ಗಂಡಸರು ಯಾರೂ ಅದನ್ನು ದಾಟಿಲ್ಲ. ಎಂಬತ್ತಕ್ಕಾದರೆ ಬಾಂಡೇ ಸಾಕು. ಹೊಟ್ಟೆ ಬಟ್ಟೆ ಕಟ್ಟಿ, ನಾಲ್ಕು ವರ್ಷ ಹೆಚ್ಚು ದುಡಿದು, ಇವತ್ತೇ ಒತ್ತಿಬಿಡುತ್ತೇನೆ ಎಂದು ತೀರ್ಮಾನಿಸಿಕೊಂಡೇ ಮನೆಗೆ ಬಂದೆ.

ಹೆಂಡತಿ ನಡುಮನೆಯಲ್ಲಿ ಹಳೆಯ ಪೇಪರ್ ಹರಡಿಕೊಂಡು ಸಾರಿನ ಪುಡಿಯನ್ನು ಕಾಲು ಕಾಲು ಕೆಜಿ ಪೊಟ್ಟಣ ಮಾಡುತ್ತಿದ್ದಳು. ವಿಶ್ವೇಶ್ವರಪುರಂನ ಎರಡು ಅಂಗಡಿಗೆ ಅವಳೇ ಕೊಡುತ್ತಾಳೆ. ಕಾಫಿ ತಣ್ಣಗಿದೆ ಎಂದು ಒಂದು ಸಲ ಕೂಗಾಡಿದೆ. ಬಿಸಿ ಮಾಡಿ ತಂದಿಟ್ಟಳು. ಆಮೇಲೆ ಸ್ಟೇಟ್‌ಮೆಂಟು, ಡೈರಿಗಳು ಎಲ್ಲವನ್ನೂ ಅವಳ ಮುಂದೆ ಹಾಕಿ, ನಾನು ಮಾಡಿಕೊಂಡ ಅನಾಹುತವನ್ನು ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದುಕೊಂಡಿದ್ದೆ.

"ಆಷಾಢ ಬಂದ್ರೆ ನೀವು ಹಾಗೇ ಅಲ್ವಾ," ಎಂದಳು. "ಮಗಳಿಗೆ ಬಂದಿದ್ದ ಮೊದಲನೇ ಸಂಬಂಧಾನೂ ಆಷಾಢದಲ್ಲೇ ಬೇಡ ಅಂದಿದ್ದು. ಖರ್ಚಿಗೆ ಹೆದರ್ಕೊಂಡು."

"ಗೊತ್ತಿದ್ರೆ ಹೇಳ್ಬೇಕಾಗಿತ್ತು ತಾನೇ?"

"ಯಾವತ್ತು ಕೇಳಿದ್ರಿ? ಪಿಂಚಣಿ ಅಂತ ಮಾಡ್ಸಿದೀನಿ ಅಂದ್ರಿ. ಎಲ್ಲಿ ಹಾಕಿದೀರಿ, ಏನ್ ಆರಿಸಿದೀರಿ ಅಂತ ಇವತ್ತೇ ನಾನು ಕೇಳ್ತಿರೋದು."

ಉತ್ತರವಿಲ್ಲದಾಗ ನಾನು ಗದರುವುದು ರೂಢಿ. ಆದದ್ದಾಯಿತು, ಈಗ ಹೇಗೆ ಸರಿಮಾಡಿದ್ದೇನೆ ನೋಡು ಎಂದು ಲೆಕ್ಕದ ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ಇನ್ನೊಂದು ಕೈಯಲ್ಲಿ ಫೋನ್ ಇತ್ತು. ಒಟಿಪಿ ಮತ್ತೆ ತರಿಸಿದ್ದೆ. ಸಮಯ ಒಂದೊಂದೇ ಸೆಕೆಂಡು ಇಳಿಯುತ್ತಿತ್ತು. ಅವಳು ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಕೊನೆಯ ಸಾಲಿನಲ್ಲಿ ನಿಂತಳು.

"ಇದೇನ್ರೀ ಎಂಬತ್ತು?"

"ನಂಗೆ ಎಂಬತ್ತಾಗೋವರ್ಗೂ ಸಾಕಾಗುತ್ತೆ ಅಂತ."

"ನಿಮಗೆ ಎಂಬತ್ತಾದಾಗ ನಂಗೆ ಎಪ್ಪತ್ತೊಂದು," ಎಂದಳು. "ಆಮೇಲೆ?"

ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ತಾಯಿಗೆ ಎಂಬತ್ತನಾಲ್ಕು, ಈಗಲೂ ಮಲ್ಲೇಶ್ವರದಲ್ಲಿ ಬೆಳಿಗ್ಗೆ ಎದ್ದು ತಾವೇ ರಂಗೋಲಿ ಇಡುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇ? ಆ ಹಾಳೆಯಲ್ಲಿ ನಾನು ಸಾಯುವ ವರ್ಷಕ್ಕೆ ಸರಿಯಾಗಿ ದುಡ್ಡೂ ಮುಗಿಯುತ್ತಿತ್ತು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಎಷ್ಟು ಅಚ್ಚುಕಟ್ಟಾಗಿದೆ ಎಂದು ನಾನು ಅದರ ಬಗ್ಗೆ ಹೆಮ್ಮೆಪಟ್ಟಿದ್ದೆ. ನನಗೆ ಮೂಲೆ ಬೇಡ, ನನಗೆ ಮರ್ಯಾದೆ ಬೇಕು ಎಂದು ಹನ್ನೊಂದು ವರ್ಷ ಹೆದರಿದವನು, ನನ್ನ ಎದುರಿಗೇ ಕೂತಿರುವವಳನ್ನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಯಾರ ಮನೆಯ ಮೂಲೆಗೆ ಕಳಿಸುತ್ತಿದ್ದೇನೆಂದು ಒಂದು ಸಲವೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಟಿಪಿಯ ಸಮಯ ಮುಗಿದುಹೋಯಿತು. ಮತ್ತೆ ತರಿಸಲಿಲ್ಲ.

ಅವಳು ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಹಾಳೆಯನ್ನು ನಮ್ಮಿಬ್ಬರ ನಡುವೆ ಇಟ್ಟಳು. ನಾನು ಪೆನ್ನಿನಿಂದ ಎಂಬತ್ತನ್ನು ಹೊಡೆದುಹಾಕಿದೆ.

"ಎಷ್ಟು ಅಂತ ಹಾಕ್ಲಿ?"

"ತೊಂಬತ್ತು ಹಾಕಿ."

"ನಂಗಾ, ನಿಂಗಾ?"

"ನಂಗೆ," ಎಂದಳು. "ನೀವೂ ಇದ್ರೆ ನಿಮಗೂ ಊಟ ಹಾಕ್ತೀನಿ."